ಆ ಸಾಲನ್ನು ನಾನು ತೆಗೆಯುವುದಿಲ್ಲ

ಸ್ಫಾಕ್ಸ್, ಮಾರ್ಚ್ ೯

ಗೌರವಾನ್ವಿತ ನಾಜಿಯವರಿಗೆ,

ಜಾಲತಾಣ ಕಟ್ಟುವ ನಮ್ಮ ತಂತ್ರಾಂಶಕ್ಕೆ ಬೇಕೆಂದವರು ಜೋಡಿಸಿಕೊಳ್ಳುವ ಹನ್ನೊಂದು ಪ್ಲಗಿನ್‌ಗಳಿಗೆ ನಾನು ಬಳಕೆಯ ವಿವರದ ಪುಟಗಳನ್ನು ಬರೆದು ಸೇರಿಸಿದೆ. ಹತ್ತು ಪುಟಗಳನ್ನು ಮೆಚ್ಚಿದಿರಿ. ನೀವೇ ಬರೆದ ಪ್ಲಗಿನ್‌ನ ಪುಟದಿಂದ ಮಾತ್ರ, "ಇದು ತಾಣದ ಹಳೆಯ ಪುಟಗಳನ್ನು ಕೇಳದೆಯೇ ಅಳಿಸುತ್ತದೆ" ಎಂಬ ಸಾಲನ್ನು ತೆಗೆಯಲು ಹೇಳಿದಿರಿ.

ತೆಗೆಯುವುದಿಲ್ಲ.

ಗಫ್ಸಾ ಊರಿನ ನಿವೃತ್ತ ಶಿಕ್ಷಕಿ, ನಾನು ಚಿಕ್ಕಮ್ಮನಂತೆ ಕಾಣುವ ಮಬ್ರೂಕಾ ಖಾಲಾ, ನಾಲ್ಕು ವರ್ಷ ಮನೆಮನೆಗೆ ಹೋಗಿ, ಹೆಂಗಸರು ಮಗ್ಗದ ಮುಂದೆ ಹೇಳುವ ಹಾಡುಗಳನ್ನು ಕೇಳಿ ನೇರವಾಗಿ ತಮ್ಮ ತಾಣದಲ್ಲೇ ಟೈಪ್ ಮಾಡಿಟ್ಟಿದ್ದರು. ನಿಮ್ಮ ಪ್ಲಗಿನ್ ಹಾಕಿದ ದಿನವೇ ಎಲ್ಲ ಅಳಿಸಿಹೋಯಿತು. ಬೇರೆ ಪ್ರತಿ ಇರಲಿಲ್ಲ. ಹಾಡಿದವರಲ್ಲಿ ಇಬ್ಬರು ಈಗ ಬದುಕಿಲ್ಲ. "ನನ್ನದೇ ತಪ್ಪು ಕಣಮ್ಮಾ, ಈ ವಯಸ್ಸಲ್ಲಿ ನಂಗ್ಯಾಕೆ ಬೇಕಿತ್ತು ಇದೆಲ್ಲ" ಎಂದು ಅವರು ಫೋನಿನಲ್ಲಿ ಅತ್ತರು.

ಇದನ್ನು ತಿಳಿಸಿದಾಗ ನೀವು ನಕ್ಕಿರಿ. "ಕೋಡ್ ಓದೋಕೆ ಬರದವರು ನೋಟ್‌ಬುಕ್ಕಲ್ಲಿ ಬರ್ಕೊಳ್ಲಿ ಬಿಡು, ಮಗಳೇ" ಎಂದಿರಿ. ನಾನು ನಿಮ್ಮ ಮಗಳಲ್ಲ, ಐದು ವರ್ಷದಿಂದ ನಿಮ್ಮ ಸಹೋದ್ಯೋಗಿ.

ನಿನ್ನೆ ಅವರಿಗೆ ಫೋನ್ ಮಾಡಿ, "ಖಾಲಾ, ತಪ್ಪು ನಿಮ್ದಲ್ಲ, ನಮ್ದು. ಪ್ಲಗಿನ್ ಹೀಗೆ ಅಳಿಸುತ್ತೆ ಅಂತ ಬರೆದಿಡಬೇಕಿತ್ತು, ಇಡ್ಲಿಲ್ಲ" ಎಂದೆ. ಅವರು, "ಹಾಗಾದ್ರೆ ಉಳಿದವ್ರ ಮನೆಗಾದ್ರೂ ಇನ್ನೊಂದ್ಸಲ ಹೋಗ್ತೀನಿ" ಎಂದರು. ಭಾನುವಾರ ನಾನೂ ಜೊತೆಗೆ ಹೋಗುತ್ತಿದ್ದೇನೆ.

ಆ ಸಾಲು ನಿಮಗೆ ಅವಮಾನ ಎನಿಸಿದರೆ ಪ್ಲಗಿನ್ ತಿದ್ದಿ. ಅಳಿಸುವ ಮುನ್ನ ಅದು ಒಂದು ಮಾತು ಕೇಳಲಿ. ಆ ದಿನ ಸಾಲನ್ನು ನಾನೇ ತೆಗೆಯುತ್ತೇನೆ.

ಇಂತು,
ಇನ್ಸಾಫ್ ತ್ರಿಕಿ