ಕ್ಯಾಮೆರಾ ಆಫ್ ಕ್ಲಾಸಿಗೆ ಬಂದ ಮಳೆ

೨ ಸೆಪ್ಟೆಂಬರ್, ಮಂಗಳವಾರ

ಇವತ್ತೂ ಅದೇ ರಾಮಾಯಣ. “ಕ್ಯಾಮೆರಾ ಆನ್ ಮಾಡ್ರೋ, ನೆಟ್ಟಗೆ ಕೂತ್ಕೊಳ್ರೋ!” ಶಾಲೆಯ ಒಂದು ಮಹಡಿ ರಿಪೇರಿ. ನನ್ನ ನಾಲ್ಕನೇ ಕ್ಲಾಸಿಗೆ ಮೂರು ದಿನ ಶಾಲೆ, ಎರಡು ದಿನ ಫೋನು. ಮುಖ ಕಾಣದಿದ್ದರೆ ಆಬ್ಸೆಂಟ್ — ಹೆಡ್‌ಮಿಸ್ ಗೋವಿಂದಮ್ಮನವರ ರೂಲು. ಇಟ್ಟಮಡುವಿನ ಸುರಭಿ ಫೋನನ್ನು ಮೂಗಿಗೇ ಅಂಟಿಸಿಕೊಂಡಿದ್ದಳು. ಹಿಂದೆ ಸರಿಯಮ್ಮಾ ಎಂದೆ.

“ಹಿಂದೆ ಹೋದ್ರೆ ನೀವು ಕಾಣ್ಸಲ್ಲ ಮಿಸ್.”

೪, ಗುರುವಾರ

ಸುರಭಿಯ ಅಮ್ಮ ಜಯಾ ಬಂದಿದ್ದರು. ಒಂದೇ ವರ್ಷದಲ್ಲಿ ಮಗಳ ಕನ್ನಡಕದ ನಂಬರ್ ಎರಡು ಸಲ ಏರಿದೆ. ತಲೆನೋವು ಬೇರೆ.

“ಕಣ್ಣಿನ ಡಾಕ್ಟ್ರು ಹೊರಗಡೆ ಬಿಡಿ, ದೂರ ನೋಡ್ಲಿ ಅಂತಾರೆ. ನೀವು ಫೋನ್ ಮುಂದೆ ಕೂರ್ಸಿ ಅಂತೀರ. ಹಿಂಗೇ ಆದ್ರೆ ಸ್ಕೂಲೇ ಬಿಡಿಸ್ತೀನಿ ಮೇಡಂ.”

ನನ್ನ ಪಾಠದಿಂದ ಮಗುವಿನ ಕಣ್ಣು ಕೆಡುವುದಾದರೆ ನಾನೆಂಥ ಟೀಚರ್!

ಅದೇ ದಿನ, ಸಂಜೆ

ಗೋವಿಂದಮ್ಮನವರ ರೂಮಿಗೆ ನುಗ್ಗಿದೆ. ಕ್ಯಾಮೆರಾ ಆಫ್, ಬರೀ ಕಿವಿ. ಮಕ್ಕಳು ತಾರಸಿಗೆ ಹೋಗಲಿ, ದೊಡ್ಡವರೊಬ್ಬರು ಜೊತೆಗಿರಲಿ, ಫೋನು ಸ್ಟೂಲಿನ ಮೇಲಿರಲಿ ಎಂದೆ.

“ಮುಖ ಕಾಣ್ದೆ ಪಾಠ ಹೆಂಗ್ರೀ ವಾರಿಜಾ? ಎಲ್ಲಾ ಮಲ್ಕೊಂಡ್ಬಿಡ್ತಾವೆ.”

ಜಗಳವೇ ಆಯಿತು. ಕೊನೆಗೆ ಒಂದೇ ಒಂದು ಕ್ಲಾಸಿಗೆ ಒಪ್ಪಿದರು. “ನಾನೂ ಮನೆಯಿಂದ ಕೇಳಿಸ್ಕೊತೀನಿ. ಸರಿಹೋಗ್ಲಿಲ್ವಾ, ಆಮೇಲೆ ಈ ಮಾತೇ ಎತ್ಬಾರ್ದು.”

೧೬, ಮಂಗಳವಾರ, ಸಂಜೆ

ಒಪ್ಪಿಸಿಕೊಂಡ ಆ ಒಂದು ಕ್ಲಾಸು ಇವತ್ತಾಯಿತು. ಬರೆಯಲೇಬೇಕು.

ಪಾಠ — ಮೋಡ. ನಾನು ಬನಶಂಕರಿಯ ನಮ್ಮ ತಾರಸಿಯಲ್ಲಿ. ಮೊದಲ ಹತ್ತು ನಿಮಿಷ ದೊಂಬಿ. ಯಾರದೋ ಕುಕ್ಕರ್ ಸೀಟಿ, ಯಾರದೋ ನಾಯಿ. ಗೋವಿಂದಮ್ಮನವರ ಹೆಸರು ಸ್ಕ್ರೀನಿನ ಮೇಲೆ, ಮೈಕ್ ಆಫ್. ಮುಗೀತು ನನ್ನ ಕಥೆ ಅಂದುಕೊಂಡೆ.

ಆಗ ಸುರಭಿ. “ಮಿಸ್... ತುರಹಳ್ಳಿ ಗುಡ್ಡ ಇತ್ತು, ಈಗ ಇಲ್ಲ.”

“ಇಲ್ಲ ಅಂದ್ರೆ?”

“ಬೆಳ್ಳಗೆ ಏನೋ ಬರ್ತಿದೆ. ಅಪಾರ್ಟ್‌ಮೆಂಟೂ ಮಾಯ... ಮಿಸ್, ನಮ್ಮನೆಗೇ ಬರ್ತಿದೆ... ಅಯ್ಯಯ್ಯೋ, ಮಳೆ!”

ಅವಳ ಫೋನಿನಲ್ಲಿ ಭೋರೆಂಬ ಸದ್ದು. ಎಲ್ಲರೂ ಬಾಗಿಲೊಳಗೆ ನಿಂತ್ಕೊಳ್ರೋ ಎಂದು ಕೂಗಿದೆ. ಕೂಗಿ ತಿರುಗಿದರೆ ಬಿಳೀ ಗೋಡೆ ನನ್ನ ಕಡೆಗೇ ನಡೆದು ಬರುತ್ತಿದೆ. ಅವಳದೇ ಮಳೆ! ಈಗ ತಾನೆ ಅವಳ ಬಾಯಲ್ಲಿ ಕೇಳಿದ್ದು ನನ್ನ ತಲೆಯ ಮೇಲೆ ಬಿತ್ತು. ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಬಾಣ ಬರೆದು ಮೋಡ ಕಲಿಸಿದ್ದೇನೆ. ಮಳೆಗೆ ಕಾಲಿದೆ ಅಂತ ನನಗೇ ಗೊತ್ತಿರಲಿಲ್ಲವಲ್ಲ!

“ನಮ್ಮಲ್ಲಿ ಇನ್ನಾ ಬಂದಿಲ್ರೀ ಮಿಸ್!” — ಬಿಟಿಎಂ ಲೇಔಟಿನ ನಿಂಗರಾಜ, ಅಳುವ ದನಿ.

“ತಡ್ಕೊಳೋ, ಮಧ್ಯೆ ಜಯನಗರ ಇದೆ,” ಎಂದಳು ಸುರಭಿ. “ಜಯನಗರದಲ್ಲಿ ಯಾರಿದೀರಾ? ಬಂತಾ?”

ಯಾರೂ ಇಲ್ಲ. ಆಮೇಲೆ ಒಂದು ಮೈಕ್ ಆನ್ ಆಯಿತು.

“ಬಂತು ಕಣ್ರೋ! ಜಯನಗರ ನಾಲ್ಕನೇ ಬ್ಲಾಕಿಗೆ ಬಂತು!” ಗೋವಿಂದಮ್ಮನವರು! “ಲೋ ನಿಂಗರಾಜ, ರೆಡಿಯಾಗಿರಪ್ಪಾ, ನಿನ್ ಕಡೆಗೇ ಕಳಿಸ್ತಿದೀನಿ!”

ಕಣ್ಣು ತುಂಬಿ ಬಂತು. ನಿಂಗರಾಜ “ಬಂತ್ರೀ!” ಎಂದು ಕಿರುಚುವವರೆಗೂ ಎಲ್ಲರೂ ಕಿವಿಗೊಟ್ಟು ಕಾದೆವು.

೧೮, ಗುರುವಾರ

ನೋಟಿಸ್ ಬಂತು. ಮುಖ ತೋರಿಸುವ ರೂಲು ರದ್ದು, ಎಲ್ಲ ಕ್ಲಾಸಿಗೂ. ಜಯಾ ಶಾಲೆ ಬಿಡಿಸುವುದಿಲ್ಲವಂತೆ. ಕನ್ನಡಕದ ನಂಬರ್ ಏರುವುದು ನಿಂತಿದೆಯೋ ಇಲ್ಲವೋ, ಡಿಸೆಂಬರಿನ ಕಣ್ಣಿನ ಟೆಸ್ಟಿನಲ್ಲೇ ಗೊತ್ತಾಗಬೇಕು. ನನ್ನ ಭಯ ಹೋಗಿಲ್ಲ. ಆದರೆ ತಾರಸಿಯಿಂದ ಕೆಳಗೇ ಇಳಿಯುತ್ತಿಲ್ಲವಂತೆ ಹುಡುಗಿ, ದೂರ ಏನೇನಿದೆ ಎಂದು ದಿನಾ ಅಮ್ಮನಿಗೆ ವರದಿ.

ಅಗೋ, ಅವಳದೇ ಫೋನು. ಸ್ಪೀಕರಿಗೆ ಹಾಕಿದೆ. “ಮಿಸ್, ಬೇಗ ಮೇಲೆ ಹೋಗಿ, ನಿಮ್ ಕಡೆಗೇ—”