ಮೂರನೇ ಮಹಡಿಯ ಮೇಡಂ

ನೀರು ಸರಬರಾಜು ಕಚೇರಿ, ಕಂಪ್ಯೂಟರ್ ವಿಭಾಗ
ಸೋಮವಾರ, ಊಟದ ಬಿಡುವು

ಮುದ್ದಿನ ತಮ್ಮಾ,

ಹೇಗಿದ್ದೀಯೋ? ಬೆನ್ನುನೋವು ಹತೋಟಿಗೆ ಬಂತಾ? ಹೊತ್ತುಗೊತ್ತಿಲ್ಲದೆ ಕುರ್ಚಿಗೆ ಅಂಟಿಕೊಂಡರೆ ಇನ್ನೇನಾಗುತ್ತೆ. ಅಮ್ಮ ಚೆನ್ನಾಗಿದ್ದಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಮನೆಯ ಮೂಲೆಮೂಲೆಯ ಧೂಳು ಕಾಣಿಸಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಫೋನ್ ಇರುವಾಗ ಇವಳಿಗ್ಯಾಕೆ ಕಾಗದದ ಹುಚ್ಚು ಅಂತ ನಗಬೇಡ, ಓದುತ್ತಾ ಹೋಗು.

ಹೋದ ಸಲ ರಜೆಗೆ ಬಂದಾಗ ನಮ್ಮ ಕಚೇರಿಯನ್ನು ಆಡಿಕೊಂಡು ನಕ್ಕಿದ್ದೆಯಲ್ಲ. ನಿಮ್ಮ ಕಂಪನಿಯಲ್ಲಿ ಒಬ್ಬ ತಪ್ಪು ಲಿಂಕ್ ಒತ್ತಿದರೆ ಕೆಲಸಕ್ಕೇ ಕುತ್ತು. ನಮ್ಮಲ್ಲಿ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿರುತ್ತಾರೆ. "ನೀರು ಕದಿಯೋಕೆ ಕಂಪ್ಯೂಟರ್ ಯಾಕಮ್ಮ, ಕೊಳಾಯಿ ಸಾಕಲ್ಲ" ಅನ್ನುವ ಸಾಹೇಬರು ನಮ್ಮವರು. ಊರಿನ ವಾಲ್ವುಗಳೆಲ್ಲ ಈಗ ಅದೇ ಕಂಪ್ಯೂಟರಿನಿಂದ ತೆರೆದು ಮುಚ್ಚುತ್ತವೆ ಅನ್ನುವುದು ಅವರ ತಲೆಗೆ ಹೋಗುವುದಿಲ್ಲ. ನೀನೇ ಉಪಾಯ ಹೇಳಿಕೊಟ್ಟೆ: ಇಲ್ಲದ ಅಧಿಕಾರಿಯೊಬ್ಬರನ್ನು ಹುಟ್ಟಿಸು, ಅವರ ಹೆಸರಲ್ಲಿ ಪಾಸ್‌ವರ್ಡ್ ಕೇಳು, ಯಾರು ಕೊಡುತ್ತಾರೆ ನೋಡು.

ಹುಟ್ಟಿಸಿದೆ. ಮೂರನೇ ಮಹಡಿಗೆ ಹೊಸ ಮೇಡಂ ಬಂದಿದ್ದಾರೆ ಅಂದೆ. ಅಲ್ಲಿ ತುಕ್ಕು ಹಿಡಿದ ಮೀಟರುಗಳು ಬಿಟ್ಟರೆ ನರಪಿಳ್ಳೆಯೂ ಇಲ್ಲ. ನನ್ನದೇ ಗಂಟಲು ಸ್ವಲ್ಪ ತಗ್ಗಿಸಿ ಎಲ್ಲರಿಗೂ ಧ್ವನಿಸಂದೇಶ ಕಳಿಸಿದೆ. ಒಬ್ಬರೂ ಬಿಡದೆ ಪಾಸ್‌ವರ್ಡ್ ಕೊಟ್ಟರು. ಬೈಯಲು ಮನಸ್ಸಾಗಲಿಲ್ಲ ಕಣೋ. ಬಡ್ತಿ ತಪ್ಪಿದ ಗುಮಾಸ್ತರಂತೂ ಆ ಮೇಡಂಗೆ ತಮ್ಮ ಕಷ್ಟಸುಖವನ್ನೆಲ್ಲ ತೋಡಿಕೊಂಡಿದ್ದರು. ಸಾಹೇಬರು "ಈ ಆಟ ಸಾಕು, ಮುಚ್ಚಮ್ಮ" ಅಂದರು. ಮೇಡಂ ಹೆಸರಲ್ಲಿ ತೆರೆದಿದ್ದ ಖಾತೆಯನ್ನು ಅಳಿಸಿಹಾಕಿದೆ. ಆದರೆ ಅಂಥ ಮೇಡಂ ಇಲ್ಲ ಅಂತ ಯಾರಿಗೂ ಹೇಳಲಿಲ್ಲ. ಪಾಪ, ಮುಜುಗರ ಪಡುತ್ತಾರೆ ಅಂತ ಸುಮ್ಮನಾದೆ.

ಶುಕ್ರವಾರ ಅದೇ ಗುಮಾಸ್ತರು ಖುಷಿಯಾಗಿ ಬಂದರು. "ಮೇಡಂ ಫೋನ್ ಮಾಡಿದ್ರು ಕಣ್ರೀ. ಎಷ್ಟು ಒಳ್ಳೇವ್ರು." ಯಾವ ಮೇಡಂ ಅಂದೆ. ಬೆರಳನ್ನು ಮೇಲಕ್ಕೆ ತೋರಿಸಿದರು. ವಿಚಾರಿಸಿದರೆ ಎಲ್ಲರಿಗೂ ಬರುತ್ತಿವೆ ಕರೆಗಳು. ಮಕ್ಕಳ ಪರೀಕ್ಷೆ ಕೇಳುತ್ತಾರಂತೆ, ಮಂಡಿನೋವು ಕೇಳುತ್ತಾರಂತೆ, ಕೊನೆಗೆ ವಾಲ್ವಿನ ಪಾಸ್‌ವರ್ಡ್ ಕೇಳುತ್ತಾರಂತೆ. "ಧ್ವನಿ ಥೇಟ್ ನಿಮ್ಮದೇ" ಅಂದರು. ನಾನು ಕಳಿಸಿದ ಸಂದೇಶದಿಂದಲೇ ಯಾರೋ ನನ್ನ ಧ್ವನಿ ಕದ್ದಿದ್ದಾರೆ. ಆ ಮೇಡಂ ಇಲ್ಲವೇ ಇಲ್ಲ, ನಾನೇ ಕಟ್ಟಿದ ಕಥೆ ಅಂತ ಎಷ್ಟು ಬಡಿದುಕೊಂಡರೂ ಸಾಹೇಬರೊಬ್ಬರನ್ನು ಬಿಟ್ಟು ಯಾರೂ ನಂಬಲಿಲ್ಲ. ನನ್ನನ್ನೇ ಮರುಕದಿಂದ ನೋಡಿದರು. ಇವತ್ತು ಬೆಳಗ್ಗೆ ಗುಡಿಸುವಾಕೆ ಮೂರನೇ ಮಹಡಿಯಲ್ಲಿ ಮೇಜು ಒರೆಸಿ, ಒಂದು ಕುರ್ಚಿ ಹಾಕಿ ಬಂದಿದ್ದಾಳೆ. ಮೇಡಂ ಫೋನ್ ಮಾಡಿ ಹೇಳಿದರಂತೆ.

ಸಾಹೇಬರನ್ನು ಕಾಡಿ ಬೇಡಿ ವಾಲ್ವುಗಳನ್ನು ಸದ್ಯಕ್ಕೆ ಕೈಯಲ್ಲೇ ತಿರುಗಿಸುವಂತೆ ಮಾಡಿದ್ದೇನೆ. ನೀರಿಗೆ ತೊಂದರೆಯಿಲ್ಲ. ನನ್ನ ಹೆದರಿಕೆಯೆಲ್ಲ ನಿನ್ನದೇ. ನಿಮ್ಮ ಕಂಪನಿ ನೋಡಿಕೊಳ್ಳುವ ಅಷ್ಟೊಂದು ಆಸ್ಪತ್ರೆಗಳ ಕಂಪ್ಯೂಟರಿನ ಕೀಲಿ ನಿನ್ನ ಕೈಯಲ್ಲಿದೆ. ಮೇಡಂ ನಿನ್ನ ವಿಷಯ ವಿಚಾರಿಸಿದರು, ನಂಬರ್ ಕೊಟ್ಟೆ ಅಂತ ಗುಮಾಸ್ತರು ಈಗ ತಾನೆ ಬಾಯಿಬಿಟ್ಟರು. ಫೋನ್ ಮಾಡಿ ಎಚ್ಚರಿಸೋಣವೆಂದರೆ, ಮಾತಾಡುತ್ತಿರುವವಳು ನಾನೇ ಅಂತ ನಿನಗೆ ಹೇಗೆ ಗೊತ್ತಾಗಬೇಕು? ಇನ್ನು ಮೇಲೆ ನನ್ನ ಧ್ವನಿ ನಂಬಬೇಡ. ನಾನು ಅತ್ತರೂ ನಂಬಬೇಡ. ನನ್ನ ಈ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಮಾತ್ರ ನಂಬು. ಆ ಕಡೆ ಹೊರಟಿರುವ ನಮ್ಮ ಜೀಪಿನ ಡ್ರೈವರ್ ಕೈಲಿ ಇದನ್ನು ಕಳಿಸುತ್ತಿದ್ದೇನೆ, ಸಂಜೆಯೊಳಗೆ ಸಿಗುತ್ತೆ.

ಹೊತ್ತಿಗೆ ಸರಿಯಾಗಿ ಉಣ್ಣು, ನೆಟ್ಟಗೆ ಕೂರು. ಅಮ್ಮನದು ಆಶೀರ್ವಾದ, ನನ್ನದು ಬೆನ್ನಿಗೊಂದು ಗುದ್ದು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಮೆಸೇಜು ಬಂತು. "ನಿನ್ನೆ ಅಷ್ಟು ಹೊತ್ತು ಮಾತಾಡಿ ಮನಸ್ಸು ಹಗುರ ಆಯ್ತು ಅಕ್ಕಾ. ನೀನು ಹೇಳಿದ ಹಾಗೇ ಮಾಡ್ತಿದೀನಿ" ಅಂತ. ನಿನ್ನೆ ನಾನು ನಿನಗೆ ಫೋನೇ ಮಾಡಿಲ್ಲ ಕಣೋ. ಏನು ಮಾಡುತ್ತಿದ್ದೀಯೋ ಅದನ್ನು ಅಲ್ಲಿಗೇ ನಿಲ್ಲಿಸು. ಮೆಸೇಜು ಹಾಕಿದೆ, ನೀನಿನ್ನೂ ನೋಡಿಲ್ಲ. ಆಗಿನಿಂದ ಒಂದೇ ಸಮನೆ ಕರೆ ಮಾಡುತ್ತಿದ್ದೇನೆ. ನೀನು ಬೇರೊಬ್ಬರ ಜೊತೆ ಮಾತಾಡುತ್ತಿದ್ದೀಯಂತೆ.