ಅಮ್ಮನ ಪದಗಳ ಫೈಲು

ಪ್ರೀತಿಯ ಅಕ್ಕ,

ನಿನ್ನ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ. ಈಗ ಚುರುಕಾಗಿದೆ. ಆದರೆ ಮೂರು ದಿನದಿಂದ ನೀನು ಕೇಳಿದಾಗಲೆಲ್ಲ "ಫೈಲು ವಾಪಸ್ ಬರ್ತಾ ಇವೆ ಕಣೇ" ಎಂದೆನಲ್ಲ, ಅದು ಸುಳ್ಳು. ಫೋನಿನಲ್ಲಿ ನಿಜ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಕಾಗದ.

ಹಳೆಯದನ್ನು ಅಳಿಸುವ ಮುಂಚೆ ಬ್ಯಾಕಪ್ ಮಾಡಿದ್ದೆ. ಆದರೆ ಡಿಸ್ಕಿಗೆ ಹಾಕಿಕೊಂಡದ್ದು ಪರದೆಯ ಮೇಲಿನ ಶಾರ್ಟ್‌ಕಟ್‌ಗಳನ್ನು ಮಾತ್ರ, ಫೈಲುಗಳನ್ನಲ್ಲ. "ಅಮ್ಮನ ಮಾತು" ಎಂಬ ಹೆಸರು ಈಗಲೂ ಕಾಣುತ್ತದೆ. ಒತ್ತಿದರೆ ಏನೂ ತೆರೆಯುವುದಿಲ್ಲ. ಲಕ್ವ ಹೊಡೆದ ಮೇಲೆ ಅಮ್ಮ ಮತ್ತೆ ಕಲಿತ ಒಂದೊಂದು ಪದವನ್ನೂ ತಾರೀಖು ಹಾಕಿ ಅದರಲ್ಲಿ ಸೇರಿಸಿದ್ದೆ ನೀನು. ಮುಂದಿನ ವಾರ ಮಾತಿನ ಡಾಕ್ಟರಿಗೆ ತೋರಿಸಬೇಕಾದದ್ದೂ ಅದೇ.

ಮೊದಲು ಎಲ್ಲವನ್ನೂ ನೀಲಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆಯಲ್ಲ, ಅದನ್ನು ಒಮ್ಮೆ ಹುಡುಕು. "ಎಲ್ಲಾ ಕಂಪ್ಯೂಟರಲ್ಲಿದೆ, ಈ ಕಸಾನ ರದ್ದಿಗೆ ಹಾಕು" ಎಂದು ನಕ್ಕವನು ನಾನೇ. ಪಕ್ಕದಲ್ಲಿ ಕೂತಿದ್ದ ಅಮ್ಮ "ಬೇಡ" ಎಂದಳು. ಆ ಪದ ಅವಳಿಗೆ ಬಂದದ್ದು ಅವತ್ತೇ.

ಅಕ್ಕ, ಚಿಕ್ಕಂದಿನಿಂದ ನೀನು ನನ್ನ ಮಾತು ಕೇಳಿದವಳೇ ಅಲ್ಲ. ಆ ದಿನವೂ ಕೇಳಲಿಲ್ಲ ಎಂದು ಹೇಳು.

ನಿನ್ನ ತಮ್ಮ
(ಇನ್ನು "ಪಂಡಿತ" ಎಂದು ಕರೆಯಬೇಡ)